ಟಗರಿಗೂ ಬಂದ ಚುಕ್ಕೆ

ಮೊನ್ನೆ ಸೂರ್ಯಗ್ರಹಣದ ಬೆಳಿಗ್ಗೆ ಪಕ್ಕದ ಮನೆಯ ಸುಜಾತ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಎಕ್ಸ್‌ರೇ ಫಿಲಂ ಇದ್ರೆ ಕೊಡ್ರಿ, ಗ್ರಹಣ ನೋಡ್ತೀವಿ” ಎಂದಳು. ಅದನ್ನು ಹಿಡಿದು ಸೂರ್ಯನನ್ನು ನೋಡಿದರೆ ಕಣ್ಣಿಗೆ ಕೇಡು, ಬೇಡಮ್ಮ ಎಂದೆ. “ನಿಮ್ಮ ಕೆಮ್ಮಿಗೆ ಹೊಸ ಫಿಲಂ ತೆಗೆಸ್ರಿ ಅಂದ್ರೆ ಕೇಳಂಗಿಲ್ಲ. ಹಳೇದು ಕೊಡ್ರಿ ಅಂದ್ರೆ ಕೊಡಂಗಿಲ್ಲ. ಹೆಂಗೆ ನಿಮ್ಮ ಜೊತೆ?” ಎಂದು ನಕ್ಕು ಹೋದಳು.

ಆಕೆ ಕೇಳಿದ್ದು ನನ್ನಲ್ಲಿ ಇತ್ತು. ಇದ್ದ ವಸ್ತುವನ್ನು ಯಾರಾದರೂ ಕೇಳಿ ಹೋದ ಮೇಲೆ ಅದನ್ನು ಒಮ್ಮೆ ನೋಡದೆ ಕೂರುವುದು ನನ್ನಿಂದಾಗದು. ಮಂಚದ ಕೆಳಗಿನ ಟ್ರಂಕನ್ನು ಎಳೆದು ಮುಚ್ಚಳ ತೆಗೆದೆ. ಕೆಟ್ಟ ಉಪ್ಪಿನಕಾಯಿಯಂಥ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫಿಲಮ್ಮುಗಳು ವಯಸ್ಸಾದಂತೆ ಹೀಗೆ ಹುಳಿಯಾಗುತ್ತವಂತೆ. ಮನುಷ್ಯರೂ ಆಗುತ್ತಾರೆ, ನನ್ನನ್ನು ನೋಡಿದವರಿಗೆ ಅದು ಗೊತ್ತು. ಅಂಚು ಸುರುಳಿಗಟ್ಟಿದ್ದ ಆ ಕಪ್ಪು ಹಾಳೆಯನ್ನು ಮೆಲ್ಲಗೆ ಬಿಡಿಸಿದೆ. ಎರಡು ಮೂಳೆಗಳ ನೆರಳು. ಒಂದು ಮೂಲೆಗೆ ಹತ್ತಿರ, ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಗಾಜಿನಷ್ಟು ಬಿಳಿಯಾದ ಚುಕ್ಕೆ.

ಇದು ನನ್ನದಲ್ಲ, ನನ್ನ ಮನೆಯವರದ್ದೂ ಅಲ್ಲ. ಇದು ಒಂದು ಟಗರಿನ ಹಿಂದಿನ ತೊಡೆ. ನಗಬೇಡಿ, ನಗುವುದಾದರೆ ಪೂರ್ತಿ ಕೇಳಿ ನಗಿ. ಆ ದಿನಗಳಲ್ಲಿ ನಾನು ಬಹಳ ಹೆದರಿದ್ದೆ. ಹೆದರಿದವನ ನೆನಪು ಕಂಡದ್ದಕ್ಕೆ ಒಂದಿಷ್ಟು ಸೇರಿಸುತ್ತದೆ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು ಮಾತ್ರ, ನಿಧಾನವಾಗಿ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ದಾವಣಗೆರೆಯ ಒಂದು ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟ್ರು. ಅಕ್ಕನ ಮನೆಯಲ್ಲಿ ಇದ್ದೆ. ಅಕ್ಕನ ಗಂಡ ರುದ್ರಪ್ಪ ಭಾವ ಹತ್ತಿ ಗಿರಣಿಯಲ್ಲಿ ಫಿಟ್ಟರ್. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆ, ಕಿವಿಯ ಒಳಗೆ, ಮೀಸೆಯ ತುದಿಯಲ್ಲಿ ಹತ್ತಿಯ ಎಳೆ. “ನಿಮ್ಮನ್ನ ಒಂದು ವರ್ಷ ಕೊಡವಿದ್ರೆ ಒಂದು ಹಾಸಿಗೆ ಆಗ್ತತೆ” ಎನ್ನುತ್ತಿದ್ದಳು ಅಕ್ಕ. ಆ ಹತ್ತಿಯಿಂದ ಹೊರಬೀಳುವುದು ಭಾವನ ಹಂಬಲ. ಹರಿಹರದಲ್ಲಿ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಅವರನ್ನು ಆರಿಸಿಯೂ ಆಗಿತ್ತು. ಉಳಿದದ್ದು ಒಂದೇ: ಎದೆಯ ಎಕ್ಸ್‌ರೇ ತೆಗೆಸಿ, ಫಿಲಮ್ಮನ್ನು ಅಲ್ಲಿಯ ಡಾಕ್ಟರಿಗೆ ಕೊಡಬೇಕು. ಕಲೆ ಇಲ್ಲದಿದ್ದರೆ ಕೆಲಸ. ಇದ್ದರೆ ಮತ್ತೆ ಹತ್ತಿ.

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಆಗಷ್ಟೇ ಕರಾವಳಿ ಕಡೆಯ ಡಾಕ್ಟರೊಬ್ಬರು ಎಕ್ಸ್‌ರೇ ಯಂತ್ರ ತಂದು ಹಾಕಿದ್ದರು. ಅದು ಬೇರೊಬ್ಬರು ಬಳಸಿ ಬಿಟ್ಟ ಯಂತ್ರ. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ಕರೆಂಟು ಕುಗ್ಗಿ ಫಿಲಂ ಮಂಕಾಗುತ್ತಿತ್ತು. ಡಾಕ್ಟರು ಕಿಟಕಿಯಿಂದ ತಲೆ ಹಾಕಿ, “ಒಂದು ನಿಮಿಷ ನಿಲ್ಲಿಸಿ ಮಾರಾಯರೇ, ಇಲ್ಲಿ ಒಬ್ಬರ ಎದೆ ತೆಗೀತಾ ಇದ್ದೇನೆ!” ಎಂದು ಕೂಗುತ್ತಿದ್ದರು. ಹಿಟ್ಟು ಬೀಸಿಸಲು ಬಂದ ಹೆಂಗಸರು ಒಮ್ಮೆಲೇ ಸುಮ್ಮನಾಗಿ, ಯಾರೋ ಸತ್ತರೇನೋ ಎಂಬಂತೆ ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಿದ್ದರು.

ಮೊದಲ ವಾರ ಆ ಡಾಕ್ಟರು ಕಂಗಾಲಾಗಿದ್ದರಂತೆ. ತೆಗೆದ ಎದೆಗಳಲ್ಲಿ ಅರ್ಧಕ್ಕರ್ಧ ಎದೆಗಳ ಒಳಗೆ ಮೊಟ್ಟೆಯಾಕಾರದ ಗಟ್ಟಿ ಬಿಳಿ ವಸ್ತು. “ಈ ಊರಿನವರೆಲ್ಲ ಎಂತ ನುಂಗಿದ್ದಾರೆ?” ಎಂದು ಕಾಂಪೌಂಡರನ್ನು ಕೇಳಿದರಂತೆ. ನಮ್ಮ ಕಡೆ ಲಿಂಗವಂತರು ಇಷ್ಟಲಿಂಗವನ್ನು ಕರಡಿಗೆ ಎಂಬ ಬೆಳ್ಳಿ ಡಬ್ಬಿಯಲ್ಲಿಟ್ಟು ದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಲಿಂಗವನ್ನು ಮೈಯಿಂದ ಅಗಲಿಸುವುದಿಲ್ಲ. ಅಂಗಿ ತೆಗೆ ಎಂದರೆ ತೆಗೆಯುತ್ತೇವೆ, ಇದನ್ನು ತೆಗೆ ಎಂದರೆ ಬಂದ ದಾರಿ ಹಿಡಿಯುತ್ತೇವೆ. ದಾರ ಉದ್ದವಿದ್ದ ನನ್ನಂಥವರು ಕರಡಿಗೆಯನ್ನು ಬೆನ್ನಿಗೋ ಹೊಟ್ಟೆಗೋ ಸರಿಸಿ ನಿಲ್ಲುತ್ತಿದ್ದೆವು. ಭಾವನದು ಹಾಗಲ್ಲ. ಗಿರಣಿಯ ತಿರುಗುವ ಪಟ್ಟೆಗೆ ದಾರ ಸಿಕ್ಕೀತೆಂದು ಅದನ್ನು ಗಿಡ್ಡಗೆ ಗಂಟು ಹಾಕಿ, ಕರಡಿಗೆಯನ್ನು ಎಡಗಡೆ ಕೊರಳೆಲುಬಿನ ಕೆಳಗೇ ಕೂರಿಸಿಕೊಂಡಿದ್ದರು. ಡಾಕ್ಟರು ಸರಿಸಲು ಹೇಳಿ ನೋಡಿದರು. ಅದು ಸರಿಯಲಿಲ್ಲ, ಭಾವನೂ ಸರಿಯಲಿಲ್ಲ. ಕೊನೆಗೆ ಡಾಕ್ಟರಿಗೆ ಕರಡಿಗೆ ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ, ಆಮೇಲಾಮೇಲೆ ಅದು ಅವರ ಕಣ್ಣಿಗೆ ಬೀಳುವುದೇ ನಿಂತಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಭಾವನ ಫಿಲಂ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಚುಕ್ಕೆ.

“ಕ್ಷಯದ ಹಾಗೆ ಕಾಣ್ತದೆ” ಎಂದರು ಡಾಕ್ಟರು.

ಜೊತೆಗೆ ಹೋಗಿದ್ದ ನಾನು ಹೆದರಿ ಕೆಮ್ಮಿದೆ. ಡಾಕ್ಟರು ನನ್ನ ಕಡೆ ತಿರುಗಿ, ನೀವೂ ಅಂಗಿ ಬಿಚ್ಚಿ ಎಂದರು. ನನ್ನದರಲ್ಲೂ ಚುಕ್ಕೆ. ಒಂದೇ ಮನೆಯವರು, ಅಂಟಿದೆ ಎಂದರು. ಅದೇ ವಾರ ಮಂಡಕ್ಕಿ ಭಟ್ಟಿಯ ಖಾದರ್ ಸಾಬರು, ಭಟ್ಟಿಯ ಹೊಗೆ ಕುಡಿದು ಕುಡಿದು ಗಂಟಲು ಕಟ್ಟಿ ಬಂದವರು, ತಾಯತವನ್ನು ತಾವಾಗಿಯೇ ಬಿಚ್ಚಿ ಜೇಬಿಗೆ ಹಾಕಿಕೊಂಡು ನಿಂತರು. ಅವರಿಗೂ ಚುಕ್ಕೆ. ಅವರು ನಮ್ಮ ಓಣಿಯವರೇ, ನಾವು ಅವರ ಮಂಡಕ್ಕಿ ತಿಂದವರು. ಅದೂ ಅಂಟಿದ್ದೇ ಎಂದಾಯಿತು.

ಸುಳ್ಳು ಗುರುತುಗಳನ್ನು ಹಿಡಿಯಲು ಡಾಕ್ಟರಿಗೆ ಬರುತ್ತಿರಲಿಲ್ಲ ಎಂದಲ್ಲ. ನಮ್ಮೂರಿನ ಒಣ ಬೇಸಿಗೆಯಲ್ಲಿ ಫಿಲಮ್ಮನ್ನು ಪೊಟ್ಟಣದಿಂದ ಅವಸರದಲ್ಲಿ ಎಳೆದರೆ ಚಟಚಟ ಕಿಡಿ ಹಾರಿ, ತೊಳೆದಾಗ ಎದೆಯ ಮೇಲೆ ಎಲೆಯುದುರಿದ ಮರ ಮೂಡುತ್ತದೆ. ಬೆರಳ ತುದಿಯಲ್ಲಿ ಹಿಡಿದು ಮಡಚಿದರೆ ಅರ್ಧಚಂದ್ರ ಮೂಡುತ್ತದೆ. ಖಾದರ್ ಸಾಬರ ಫಿಲಮ್ಮಿನಲ್ಲಿ ಇಂಥ ಚಂದ್ರ ಬಂದಿತ್ತು. “ಯಾ ಅಲ್ಲಾ, ಎದ್ಯಾಗೇ ಚಾಂದ್ ಕಾಣ್ತತಲ್ಲ!” ಎಂದು ಅವರು ಹಿಗ್ಗಿದರು. “ಅದು ಶಿವನ ತಲಿ ಮ್ಯಾಲಿಂದು, ನಿಮ್ಮ ಹತ್ರ ಹೆಂಗೆ ಬಂತು ಸಾಬ್ರೇ, ವಾಪಸ್ ಕೊಡ್ರಿ” ಎಂದರು ಭಾವ. ಡಾಕ್ಟರು ಇಬ್ಬರನ್ನೂ ಗದರಿಸಿ, ಅದು ತಮ್ಮ ಹೆಬ್ಬೆಟ್ಟಿನದು ಎಂದು ವಿವರಿಸಿದರು. ಮರ, ಚಂದ್ರ ಇವು ರೋಗದಂತೆ ಕಾಣುವುದಿಲ್ಲ, ಹಾಗಾಗಿ ಅವರು ಅವನ್ನು ನಂಬಲಿಲ್ಲ. ಚುಕ್ಕೆ ಪುಸ್ತಕದಲ್ಲಿದ್ದ ರೋಗದಂತೆಯೇ ಇತ್ತು. ನಂಬಿದರು.

ತಮಗೆ ಜ್ವರ ಬಂದಿದೆ ಎಂದು ಕಾರ್ಖಾನೆಗೆ ಹೇಳಿ ಕಳಿಸಿ ಭಾವ ಸ್ವಲ್ಪ ಗಡುವು ಪಡೆದರು. ನಮಗೆ ದಿನಾ ಸೂಜಿಮದ್ದು ಶುರುವಾಯಿತು. ನಾನು ಎರಡೂ ಕಡೆ ಚುಚ್ಚಿಸಿಕೊಂಡು, ಕೂರಲಾಗದೆ, ಇಡೀ ದಿನ ನಿಂತೇ ಪಾಠ ಮಾಡಿದೆ. ಹೆಡ್ಮಾಸ್ತರರು ಇದನ್ನು ಕರ್ತವ್ಯನಿಷ್ಠೆ ಎಂದು ತಿಳಿದು ಎಲ್ಲರೆದುರು ಹೊಗಳಿದರು. ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡೆ. ನನ್ನ ಕೊಡೆಯನ್ನು ಗೆಳೆಯನೊಬ್ಬನಿಗೆ ದಾನ ಮಾಡಿ, ಮಳೆಗಾಲ ನೋಡುತ್ತೇನೋ ಇಲ್ಲವೋ ಎಂದೆ. ಅವನು ಕೊಡೆ ತೆಗೆದುಕೊಂಡು ದೂರ ನಿಂತ.

ಡಾಕ್ಟರು ಹಾಲು, ಬೆಣ್ಣೆ, ಮೊಟ್ಟೆ ತಿನ್ನಿ ಎಂದಿದ್ದರು. ಮೊಟ್ಟೆ ನಮಗೆ ವರ್ಜ್ಯ. ಮೊಟ್ಟೆಯ ಪಾಲನ್ನೂ ಬೆಣ್ಣೆಗೇ ಸೇರಿಸಿಬಿಡೋಣ ಎಂದು ಭಾವ ತೀರ್ಮಾನಿಸಿದರು. ದಾವಣಗೆರೆಯಲ್ಲಿ ಬೆಣ್ಣೆ ತಿನ್ನಿ ಎಂದರೆ ಏನರ್ಥ ಎಂದು ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ನಾವಿಬ್ಬರೂ ಸಾವಿನ ಮುಖ ಹೊತ್ತುಕೊಂಡು ದೋಸೆ ಹೋಟೆಲಿಗೆ ಹೋಗಿ, ಔಷಧಿಯಂತೆ ಮಾತಿಲ್ಲದೆ ಬೆಣ್ಣೆ ದೋಸೆ ತಿಂದು, ಇನ್ನೊಂದು ಹಾಕಿಸಿಕೊಂಡು ಬರುತ್ತಿದ್ದೆವು. ತೂಕ ಏರಿತು. ನನ್ನ ಷರಾಯಿಯ ಗುಂಡಿ ಕಿತ್ತು ಬಂತು. “ಚಿಕಿತ್ಸೆ ಹಿಡೀತಾ ಇದೆ!” ಎಂದು ಡಾಕ್ಟರು ಸಂತೋಷಪಟ್ಟರು. ಆದರೆ ಮತ್ತೆ ಫಿಲಂ ತೆಗೆದರೆ ಚುಕ್ಕೆ ಮಾತ್ರ ಇದ್ದಲ್ಲೇ, ಇದ್ದಷ್ಟೇ. ಬೆಳೆದಿಲ್ಲ, ಕರಗಿಲ್ಲ. “ಹಠಮಾರಿ ಜಾತಿ” ಎಂದರು. ಚುಕ್ಕೆಯನ್ನು ಕುರಿತು ಹೇಳಿದ್ದೆಂದು ನಾನು ತಿಳಿದೆ. ಭಾವ ತಮ್ಮನ್ನು ಕುರಿತು ಎಂದು ತಿಳಿದು ಎರಡು ದಿನ ಮುನಿಸಿಕೊಂಡರು.

ಇನ್ನು ಟಗರು. ಖಾದರ್ ಸಾಬರು ಸುಲ್ತಾನ ಎಂಬ ಕಾಳಗದ ಟಗರನ್ನು ಸಾಕಿದ್ದರು. ಭಟ್ಟಿಯಲ್ಲಿ ಹುರಿದ ಕಡಲೆ ಮೊದಲು ಅದರ ಬಾಯಿಗೆ, ಆಮೇಲೆ ಅಂಗಡಿಗೆ. ಯಾವುದೋ ಕಾಳಗದ ನಂತರ ಅದು ಹಿಂಗಾಲು ಎಳೆಯತೊಡಗಿತು. ಸಾಬರು ಅದನ್ನು ಹಗ್ಗ ಹಿಡಿದು ಸೀದಾ ಎಕ್ಸ್‌ರೇ ಕೋಣೆಗೆ ಕರೆತಂದರು. ಸೂಜಿಮದ್ದಿಗಾಗಿ ಕಾಯುತ್ತಿದ್ದ ನಾನೂ ಭಾವನೂ ಅಲ್ಲೇ ಇದ್ದೆವು.

“ಇದು ಮನುಷ್ಯರ ಯಂತ್ರ ಮಾರಾಯರೇ” ಎಂದರು ಡಾಕ್ಟರು.

“ಮನುಷ್ಯರಿಗಿಂತ ಛಲೋ ಐತೆ ಡಾಕ್ಟ್ರೇ. ನಾನು ಅಲುಗಾಡಬ್ಯಾಡ ಅಂದ್ರೆ ಅಲುಗಾಡಂಗಿಲ್ಲ. ಈ ಮೇಷ್ಟ್ರು ನಿಂತಾಗ ಹೆಂಗೆ ನಡುಗ್ತಿದ್ರು, ನಾನು ನೋಡಿಲ್ಲೇನು?”

ಮೇಜಿನ ಮೇಲೆ ಮಲಗಿಸಿದೆವು. ಸಾಬರು ತಲೆ ಹಿಡಿದರು, ಭಾವ ಕಾಲು. ಹಿಟ್ಟಿನ ಗಿರಣಿ ನಿಂತಿತು. ಫಿಲಂ ತೊಳೆದು ಬಂತು. ಮೂಳೆ ಮುರಿದಿರಲಿಲ್ಲ. ತೊಡೆಯ ಆಚೆ, ಮಾಂಸವೂ ಇಲ್ಲದ ಕಡೆ, ಬರಿಯ ಕಪ್ಪಿನಲ್ಲಿ ಬಿಳಿ ಚುಕ್ಕೆ.

ಸಾಬರು ಅದನ್ನು ಎಲ್ಲರಿಗಿಂತ ಮೊದಲು ಕಂಡರು. ಅವರ ಮುಖ ಬಿಳಿಚಿತು. “ಡಾಕ್ಟ್ರೇ, ಸುಲ್ತಾನಗೂ ಟೀಬಿ ಬಂತೇನ್ರಿ? ನನ್ನಿಂದನೇ ಬಂತು. ಒಂದೇ ತಟ್ಟ್ಯಾಗ ಕಡ್ಲಿ ತಿಂತಿದ್ವಿ. ಅದಕ್ಕೂ ಸೂಜಿ ಹಾಕ್ರಿ, ನನ್ನ ಪಾಲಿಂದು ಹಾಕ್ರಿ” ಎಂದು ಟಗರಿನ ಕೊರಳು ತಬ್ಬಿಕೊಂಡರು.

ಡಾಕ್ಟರು ಒದ್ದೆ ಫಿಲಮ್ಮನ್ನು ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು. ಬೀರುವಿನಿಂದ ನನ್ನದು, ಭಾವನದು, ಸಾಬರದು ತೆಗೆದು, ಎಲ್ಲವನ್ನೂ ಮೂಲೆಗೆ ಮೂಲೆ ಕೂಡಿಸಿ, ಮೇಲೆ ಟಗರಿನದಿಟ್ಟು ಕಿಟಕಿಗೆ ಹಿಡಿದರು. ನಾಲ್ಕು ಜೀವಗಳು ಒಂದರ ಮೇಲೊಂದು ಬಿದ್ದು ಮೂಳೆ, ಶ್ವಾಸ, ತೊಡೆ ಎಲ್ಲ ಕಲಸಿ ಕಪ್ಪಾಗಿ ಹೋಗಿದ್ದವು. ಆ ಕಪ್ಪಿನ ನಡುವೆ ಒಂದೇ ಒಂದು ತೂತಿನಿಂದ ಬೆಳಕು ಬರುತ್ತಿತ್ತು. ಚುಕ್ಕೆಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದೆ ಕೂತಿದ್ದವು.

“ರೋಗ ಹೀಗೆ ಅಳತೆ ಹಿಡಿದು ಕೂರೋದಿಲ್ಲ” ಎಂದರು ಡಾಕ್ಟರು, ತಮಗೆ ತಾವೇ ಹೇಳಿಕೊಳ್ಳುವಂತೆ.

ಫಿಲಮ್ಮನ್ನು ಇಟ್ಟು ತೆಗೆಯುವ ತಗಡಿನ ಪೆಟ್ಟಿಗೆಗೆ ಕ್ಯಾಸೆಟ್ ಎನ್ನುತ್ತಿದ್ದರು. ಅದರೊಳಗೆ ಎರಡು ಬಿಳಿ ಹಲಗೆಗಳಿರುತ್ತವೆ. ಕಿರಣ ಬಿದ್ದಾಗ ಅವು ಹೊಳೆಯುತ್ತವೆ, ಆ ಹೊಳಪೇ ಫಿಲಮ್ಮಿನ ಮೇಲೆ ಚಿತ್ರವಾಗುತ್ತದೆ. ಡಾಕ್ಟರು ಕ್ಯಾಸೆಟ್ ತೆರೆದು, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿದರು. ಚಿಮಟದಿಂದ ಏನನ್ನೋ ಎತ್ತಿದರು. ಎಣ್ಣೆಗೆ ಅಂಟಿಕೊಂಡಿದ್ದ ಹುರಿಗಡಲೆಯ ಸಿಪ್ಪೆ. ಅದು ಮುಚ್ಚಿದ ಕಡೆ ಬೆಳಕು ಮುಟ್ಟುತ್ತಿರಲಿಲ್ಲ; ಮುಟ್ಟದ ಕಡೆ ಫಿಲಂ ಬಿಳಿಯಾಗುತ್ತಿತ್ತು. ಕತ್ತಲೆ ಕೋಣೆಯಲ್ಲಿ ಕೂತು ಖಾರಮಂಡಕ್ಕಿ ತಿನ್ನುತ್ತಾ ಫಿಲಂ ತುಂಬುವುದು ಡಾಕ್ಟರ ರೂಢಿಯಾಗಿತ್ತು. ಘಟ್ಟದ ಕೆಳಗಿನವರಿಗೆ ನಮ್ಮೂರಿನ ಮಂಡಕ್ಕಿ ಹೊಸದು, ಬಿಡಲಾಗಿರಲಿಲ್ಲ.

ಖಾದರ್ ಸಾಬರು ಸಿಪ್ಪೆಯನ್ನು ಅಂಗೈಗೆ ಹಾಕಿಸಿಕೊಂಡು ನೋಡಿದರು. “ನಮ್ಮ ಭಟ್ಟಿದೇ” ಎಂದರು. “ಇಷ್ಟು ತೆಳ್ಳಗೆ ಸಿಪ್ಪಿ ಬಿಡಬೇಕಂದ್ರೆ ಹದ ಬೇಕು. ಬ್ಯಾರೆಯೋರ ಕಡ್ಲಿ ಆಗಿದ್ರೆ ನಿಮಗೆ ಇಷ್ಟು ದುಂಡಗೆ ಟೀಬಿ ಬರ್ತಿರಲಿಲ್ಲ.”

ನಕ್ಕೆವು. ಮೊದಲು ಭಾವ, ಆಮೇಲೆ ನಾನು. ನಗುವಾಗ ಸೂಜಿ ಚುಚ್ಚಿದ ಜಾಗ ನೋಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. ಡಾಕ್ಟರು ಮಾತ್ರ ನಗಲಿಲ್ಲ. ಹತ್ತಿಯಿಂದ ಹಲಗೆಗಳನ್ನು ಒರೆಸಿ, ಆರಲು ಬಿಟ್ಟು, ಕ್ಯಾಸೆಟ್ಟುಗಳ ಮೂಲೆಗೆ ಸೀಸದ ಅಂಕಿ ಅಂಟಿಸಿದರು. ಇನ್ನು ಮೇಲೆ ಯಾವ ಚಿತ್ರ ಯಾವ ಪೆಟ್ಟಿಗೆಯದು ಎಂದು ಚಿತ್ರವೇ ಹೇಳಬೇಕು. ಕತ್ತಲೆ ಕೋಣೆಗೆ ಮಂಡಕ್ಕಿ ಬಂದ್ ಆಯಿತು. ನಮ್ಮ ಮೂವರ ಎದೆಯನ್ನೂ ಹೊಸದಾಗಿ ತೆಗೆದರು. ಚುಕ್ಕೆ ಇಲ್ಲ. ಸುಲ್ತಾನನ ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು ಸಿಕ್ಕಿತು.

ಭಾವ ಸಿಪ್ಪೆಯಿಲ್ಲದ ಫಿಲಮ್ಮನ್ನು ರಟ್ಟಿನ ನಡುವೆ ಇಟ್ಟು ಕಟ್ಟಿದರು. ಸೋಮವಾರದ ರೈಲಿಗೆ ಹರಿಹರ. ಅಕ್ಕ ಒತ್ತು ಶಾವಿಗೆ ಮಾಡಿದಳು. ನಾನು ಕೊಡೆ ವಾಪಸ್ ಕೇಳಲು ಹೋದೆ, ಗೆಳೆಯ ಕೊಡಲಿಲ್ಲ.

ಭಾನುವಾರ ಸಂಜೆ ಡಾಕ್ಟರು ನಮ್ಮ ಮನೆಗೆ ನಡೆದು ಬಂದರು. ಊಟ ಬಿಟ್ಟವರ ಮುಖ. ಸಿಪ್ಪೆ ಸಿಕ್ಕಿದಾಗಿನಿಂದ ಅವರಿಗೆ ಯಾವ ಫಿಲಮ್ಮಿನ ಮೇಲೂ ನಂಬಿಕೆ ಉಳಿದಿರಲಿಲ್ಲವಂತೆ. ಎಲ್ಲವನ್ನೂ ಹೊರತೆಗೆದು, ಕಾಣುವುದೆಲ್ಲ ಏನು, ಎಲ್ಲಿಂದ ಬಂತು ಎಂದು ಕೇಳುತ್ತಾ ಕೂತಿದ್ದರಂತೆ. ಭಾವನ ಫಿಲಂ ಬಿಚ್ಚಿಸಿ ದೀಪಕ್ಕೆ ಹಿಡಿದರು.

“ಇದು ಎಂತದು?”

“ಕರಡಿಗಿ. ನಿಮಗೇನು ಹೊಸದೇನ್ರಿ?”

“ಅದರ ಹಿಂದೆ ಎಂತ ಉಂಟು?”

“ಹಿಂದೆ ನನ್ನ ಎದಿ.”

“ಕಾಣ್ತದಾ?”

ಭಾವ ನೋಡಿದರು. ಬೆಳ್ಳಿಯ ಹಿಂದೆ ಏನೂ ಕಾಣುತ್ತಿರಲಿಲ್ಲ. “ಕ್ಷಯ ಮೊದಲು ಬರುವುದು ಅಲ್ಲೇ, ಕೊರಳೆಲುಬಿನ ಕೆಳಗೆ” ಎಂದರು ಡಾಕ್ಟರು. “ಸಿಪ್ಪೆಯನ್ನು ನೋಡಿ ರೋಗ ಅಂದೆ. ಇದನ್ನು ನೋಡಲೇ ಇಲ್ಲ. ಇನ್ನೊಂದು ಸಲ ತೆಗೀತೇನೆ, ಅದನ್ನು ತೆಗೆದಿಡಿ.”

ಭಾವ ಎದ್ದು ನಿಂತರು. “ಡಾಕ್ಟ್ರೇ, ಕಡ್ಲಿ ಸಿಪ್ಪಿಗೆ ಟೀಬಿ ಅಂದೋರು ನೀವು. ಈಗ ದೇವರ ಹಿಂದೆ ಟೀಬಿ ಹುಡುಕ್ತೀರಿ. ನಾಳೆ ನಾನು ಹರಿಹರಕ್ಕೆ ಹೋಗಾನೇ. ಅಲ್ಲಿ ಕರಡಿಗಿ ಕಟ್ಟಿದೋರು ನೂರಾರು ಮಂದಿ ಅದಾರೆ, ಯಾರನ್ನೂ ಕೇಳಿಲ್ಲ. ಉಸಿರು ಇರೋ ತನಕ ಇದನ್ನ ನಾನು ಬಿಚ್ಚಂಗಿಲ್ಲ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಭಾವನ ಕಡೆಗೇ ನಿಂತೆ, ನನಗೆ ಆ ಕೆಲಸ ಅವರಿಗೆ ಸಿಗಲೇಬೇಕಿತ್ತು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು.

“ಅಲ್ರಿ, ದಿನಾ ಪೂಜಿ ಹೊತ್ನ್ಯಾಗ ಲಿಂಗ ಎಲ್ಲಿರ್ತತೆ?”

“ಅಂಗೈ ಮ್ಯಾಲೆ.”

“ಆಗ ಕೊಳ್ಳಾಗ ಇರೋದೇನು?”

ಭಾವನ ಕೈ ಕೊರಳಿನ ಕರಡಿಗೆಗೆ ಹೋಯಿತು.

“ಖಾಲಿ ಡಬ್ಬಿ” ಎಂದಳು ಅಕ್ಕ. “ಲಿಂಗ ಕೈಯಾಗ ಹಿಡ್ಕಳ್ರಿ. ಖಾಲಿ ಡಬ್ಬಿ ನಾನು ಹಿಡ್ಕಂಡಿರ್ತೀನಿ. ಅದನ್ನ ಮೈಮ್ಯಾಲಿಂದ ಅಗಲಿಸಬಾರದು ಅಂತ ಯಾವ ಸ್ವಾಮಿಗಳೂ ಹೇಳಿಲ್ಲ. ಹೇಳಿದ್ರೆ ನನ್ನ ಹತ್ರ ಕಳ್ಸ್ರಿ.”

ಸೋಮವಾರ ಬೆಳಿಗ್ಗೆ, ರೈಲಿನ ಹೊತ್ತಿಗೆ, ಭಾವ ಸ್ನಾನ ಮಾಡಿ ವಿಭೂತಿ ಧರಿಸಿ ಎಕ್ಸ್‌ರೇ ಕೋಣೆಯಲ್ಲಿ ನಿಂತಿದ್ದರು. ಎದೆ ಕ್ಯಾಸೆಟ್ಟಿಗೆ ಒತ್ತಿತ್ತು. ಎಡಗೈ ಅದರಾಚೆಗೆ ಚಾಚಿ, ಅಂಗೈ ಮೇಲೆ ಲಿಂಗ, ದೃಷ್ಟಿ ಅದರಲ್ಲಿ. ಖಾಲಿ ಕರಡಿಗೆ ಹಿಡಿದು ಅಕ್ಕ ಬಾಗಿಲ ಹೊರಗೆ. ಡಾಕ್ಟರು ಕಿಟಕಿಯಿಂದ ಕೂಗಲು ಹೋದರು. ಆದರೆ ಅಷ್ಟರಲ್ಲೇ ಖಾದರ್ ಸಾಬರು ಹೋಗಿ ಗಿರಣಿ ನಿಲ್ಲಿಸಿದ್ದರು. “ಉಸಿರು ಬಿಗಿ ಹಿಡಿಯಿರಿ” ಎಂದು ಡಾಕ್ಟರು ಹೇಳುವ ಮೊದಲೇ ಭಾವ ಹಿಡಿದಿದ್ದರು. ನಾನು ಆ ಬೆಳಿಗ್ಗೆ ಕಂಡಷ್ಟು ಅಲುಗಾಡದ ಮನುಷ್ಯನನ್ನು ಮತ್ತೆ ಕಂಡಿಲ್ಲ.

ಫಿಲಂ ಹನಿ ತೊಟ್ಟಿಕ್ಕುತ್ತಾ ಬಂತು. ಎಡಗಡೆ, ಕರಡಿಗೆ ಇರುತ್ತಿದ್ದ ಜಾಗದಲ್ಲಿ, ಹಿಂಜಿದ ಹತ್ತಿಯಂಥ ಮಸುಕು. ಡಾಕ್ಟರು ಬೇರೆ ಕ್ಯಾಸೆಟ್ಟಿನಲ್ಲಿ ಇನ್ನೊಮ್ಮೆ ತೆಗೆದರು. ಅಂಕಿ ಬೇರೆ ಬಂತು. ಮಸುಕು ಅಲ್ಲೇ ಇತ್ತು.

ದೂರದಲ್ಲಿ ಹರಿಹರದ ಕಡೆಯ ರೈಲು ಕೂಗಿತು. ಭಾವ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅಕ್ಕನ ಕೈಯಿಂದ ಕರಡಿಗೆ ಇಸಿದುಕೊಂಡು, ನಿಧಾನವಾಗಿ ಕಟ್ಟಿಕೊಂಡರು. ಆಮೇಲೆ ನನ್ನ ಕಡೆ ನೋಡಿ, “ಏನೋ ತಮ್ಮ, ಹಂಗಾದ್ರೆ ನನಗೆ ಚುಚ್ಚಿದ ಸೂಜಿ ಒಂದೂ ದಂಡ ಆಗ್ಲಿಲ್ಲ. ನಿನಗೆ ಚುಚ್ಚಿದ್ದೇ ದಂಡ” ಎಂದರು.

ನಿಜ. ಸುಳ್ಳು ಚುಕ್ಕೆಗೆ ಕೊಟ್ಟ ಮದ್ದು ಅವರ ನಿಜವಾದ ರೋಗದ ಮೇಲೆ ಅಷ್ಟು ದಿನ ಕೆಲಸ ಮಾಡಿತ್ತು. ಅದನ್ನೇ ಮುಂದುವರಿಸಿದರು. ಕಾರ್ಖಾನೆ ಕಾಯಲಿಲ್ಲ, ಆ ಜಾಗ ಬೇರೊಬ್ಬರಿಗೆ ಹೋಯಿತು. ಮಸುಕು ಕರಗಿ, ಸಣ್ಣ ಗೆರೆಯಾಗಿ ಉಳಿದ ಮೇಲೆ, ಇನ್ನೊಂದು ಸಲ ಕರೆದಾಗ ಭಾವ ಅರ್ಜಿ ಹಾಕಿ ಸೇರಿದರು. ನಿವೃತ್ತಿಯವರೆಗೂ ಹರಿಹರದಲ್ಲೇ ಇದ್ದರು. ಖಾದರ್ ಸಾಬರು ತಮ್ಮ ಎದೆಯ ಚಂದ್ರನನ್ನು ಮನೆಗೆ ಒಯ್ದು, ಟಗರಿನ ತೊಡೆಯನ್ನು ನನಗೆ ಕೊಟ್ಟರು. ಅಂದಿನಿಂದ ಯಾರು ಯಾವ ರೋಗದ ಭಯ ಹೇಳಿದರೂ ನಾನು, “ಸಿಪ್ಪೆ ಇರಬೇಕು ನೋಡಿ” ಎಂದು ತಮಾಷೆ ಮಾಡುತ್ತಾ ಬಂದಿದ್ದೇನೆ. ಈ ಎರಡು ತಿಂಗಳ ನನ್ನ ಕೆಮ್ಮಿಗೂ ಅದನ್ನೇ ಹೇಳಿದ್ದೆ. ಕಥೆಯ ಮೊದಲರ್ಧವನ್ನು ಇಷ್ಟು ಸಲ ಹೇಳಿದ್ದೇನೆಂದರೆ, ಉಳಿದರ್ಧ ಅದರ ಹಿಂದೆ ಮರೆಯಾಗಿ ಹೋಗಿತ್ತು.

ಗ್ರಹಣ ಹಿಡಿಯುವ ಹೊತ್ತಾಗಿತ್ತು. ಫಿಲಮ್ಮನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಚುಕ್ಕೆಯಿಂದ ತೂರಿದ ಬೆಳಕು ನನ್ನ ಅಂಗಿಯ ಬಲಗಡೆ ಬಿತ್ತು. ಕೈಯಿಂದ ಕೊಡವಿದೆ, ಹೋಗಲಿಲ್ಲ. ಫಿಲಮ್ಮನ್ನು ಸರಿಸಿದೆ, ಹೋಯಿತು. ಹೋದದ್ದು ಬೆಳಕು, ಕೆಮ್ಮು ಬಂದೇ ಬಂತು.

ಗೋಡೆಯಾಚೆಗೆ ಕೂಗಿದೆ. “ಸುಜಾತಾ, ಆ ಎಕ್ಸ್‌ರೇ ಸೆಂಟರ್ ಎಷ್ಟೊತ್ತಿಗೆ ತೆಗೀತಾರಮ್ಮ?”

“ಈಗೇನ್ರಿ ಮೇಷ್ಟ್ರೇ, ಗ್ರಹಣ ಹಿಡಿಯೋ ಹೊತ್ನ್ಯಾಗ?”

“ಬಿಟ್ಟ ಮ್ಯಾಲೆ ಹೋಗಾಣ” ಎಂದೆ. “ಜೊತೆಗೆ ನೀನೂ ಬಾ. ಡಬ್ಬಿ ಹಿಡ್ಕಳ್ಳಾಕೆ ಒಬ್ಬರು ಬೇಕು.”